ಒಂದು ಪೆಟ್ಟಿಗೆ, 18 ಚಿನ್ನದ ನಾಣ್ಯ, ಇಬ್ಬರು ಮಕ್ಕಳು: ಒಂದು ಪ್ರಕರಣ ಅಧ್ಯಯನ

ಇದನ್ನು ಬರೆಯಲು ಆ ಅಣ್ಣ ತಂಗಿ ಇಬ್ಬರೂ ಒಪ್ಪಿದ್ದಾರೆ. ಹೆಸರು, ಊರು, ಉದ್ಯೋಗ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ನಾಣ್ಯಗಳು, ಅವುಗಳ ತೂಕ, ಇವರು ತೆಗೆದುಕೊಂಡ ತೀರ್ಮಾನ ಮಾತ್ರ ಇದ್ದ ಹಾಗೇ ಇವೆ. ಸರ್ಕಾರಿ ಟಂಕಸಾಲೆಯ ಚಿನ್ನದ ನಾಣ್ಯ ಮನೆಯಲ್ಲಿರುವ ಯಾರಿಗಾದರೂ ಇದು ಎದುರಾಗಬಹುದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ತಂದೆಗೆ ದೇಶ ದೇಶ ಸುತ್ತುವ ಕೆಲಸ. ದೊಡ್ಡ ಪ್ರಯಾಣ ಮುಗಿಸಿ ಬರುವಾಗ ಒಂದು ಚಿನ್ನದ ನಾಣ್ಯ ತರುವುದು ರೂಢಿ. ಒಡವೆ ಕೊಂಡರೆ ಮಜೂರಿ ಹೋಗುತ್ತದೆ, ಮಾರುವಾಗ ಶುದ್ಧತೆಯ ಬಗ್ಗೆ ವಾದ ಶುರುವಾಗುತ್ತದೆ ಅಂತ ಅವರ ಲೆಕ್ಕ. ನಾಣ್ಯದ ಮೇಲೆ ಎಷ್ಟು ಚಿನ್ನ ಇದೆ ಅಂತ ಒಂದು ಸರ್ಕಾರವೇ ಬರೆದುಕೊಟ್ಟಿರುತ್ತದೆ, ಅಲ್ವಾ. ಅವರಿಗೆ ಆ ಭರವಸೆ ಬೇಕಿತ್ತು.

ಈ ಬಗೆಯ ನಾಣ್ಯ ಶುರುವಾದದ್ದು ದಕ್ಷಿಣ ಆಫ್ರಿಕಾದಲ್ಲಿ, 1967ರಲ್ಲಿ. ಅದರ ಹೆಸರು ಕ್ರುಗರ್‌ರಾಂಡ್. ಜನಸಾಮಾನ್ಯರು ಚಿನ್ನ ಕೂಡಿಡಲು ಅನುಕೂಲವಾಗಲಿ ಅಂತ ಸರಿಯಾಗಿ ಒಂದು ಟ್ರಾಯ್ ಔನ್ಸ್, ಅಂದರೆ 31.1035 ಗ್ರಾಂ ಚಿನ್ನ ಹಾಕಿ ಒತ್ತಿದ ನಾಣ್ಯ. ಕೆನಡಾದ ಮೇಪಲ್ ಲೀಫ್ 1979ರಲ್ಲಿ ಬಂತು. 1985ರಲ್ಲಿ ಅಮೆರಿಕ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ವಿರೋಧಿಸಿ ಕ್ರುಗರ್‌ರಾಂಡ್ ಆಮದು ನಿಲ್ಲಿಸಿತು. ಅದೇ ವರ್ಷದ ಕೊನೆಗೆ ತನ್ನದೇ ನಾಣ್ಯಕ್ಕೆ ಕಾನೂನು ಮಾಡಿತು, 1986ರಲ್ಲಿ ಗೋಲ್ಡ್ ಈಗಲ್ ಹೊರಬಂತು. ಬ್ರಿಟನ್ನಿನ ಬ್ರಿಟಾನಿಯಾ 1987ರಲ್ಲಿ, ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್ 1989ರಲ್ಲಿ. ತಂದೆಯ ಪೆಟ್ಟಿಗೆ ನೋಡಿದರೆ ಈ ಇತಿಹಾಸ ಅದೇ ಕ್ರಮದಲ್ಲಿ ಜೋಡಿಸಿಟ್ಟ ಹಾಗಿತ್ತು.

ಅವರು ಹೋದ ಮೇಲೆ ಪೆಟ್ಟಿಗೆ ತೆರೆದಾಗ ಸಿಕ್ಕಿದ್ದು ಇಷ್ಟು. ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಐದು ಕ್ರುಗರ್‌ರಾಂಡ್. ಪಾರದರ್ಶಕ ಹಾಳೆಯಲ್ಲಿ ಸೀಲ್ ಆಗಿದ್ದ ಐದು ಮೇಪಲ್ ಲೀಫ್. ಎರಡು ಬ್ರಿಟಾನಿಯಾ. ಎರಡು ಫಿಲ್‌ಹಾರ್ಮೋನಿಕ್. ಇವೆಲ್ಲ ಒಂದೊಂದು ಔನ್ಸಿನವು. ಜೊತೆಗೆ ಮಖಮಲ್ ಡಬ್ಬಿಯಲ್ಲಿ, ಪ್ರಮಾಣಪತ್ರದ ಸಮೇತ, 1988ರ ಅಮೆರಿಕನ್ ಗೋಲ್ಡ್ ಈಗಲ್ ಪ್ರೂಫ್ ಸೆಟ್, ಅಂದರೆ ಸಂಗ್ರಹಕಾರರಿಗಾಗಿ ಮಾಡಿದ್ದು. ಅದರಲ್ಲಿ ನಾಲ್ಕು ನಾಣ್ಯ: ಒಂದು ಔನ್ಸ್, ಅರ್ಧ, ಕಾಲು, ಹತ್ತನೇ ಒಂದು. ಒಟ್ಟು 18. ಕೆಳಗೆ ಒಂದು ನೋಟ್‌ಬುಕ್. ಕೊಂಡ ದಿನ, ಅವತ್ತಿನ ಚಿನ್ನದ ದರ, ಕೊಟ್ಟ ದುಡ್ಡು, ಯಾರಿಂದ ಕೊಂಡದ್ದು, ಎಲ್ಲ ಚಿಕ್ಕ ಅಕ್ಷರದಲ್ಲಿ ಬರೆದಿದ್ದರು. ಹಂಚಿಕೆಯ ಬಗ್ಗೆ ಒಂದೇ ಸಾಲು: "ಇಬ್ಬರೂ ಸಮವಾಗಿ ಹಂಚಿಕೊಳ್ಳಿ."

ಸಮ ಅಂದರೆ ಏನು?

ಅಣ್ಣ ಅವತ್ತೇ ಹಂಚಿಬಿಟ್ಟ. 18 ನಾಣ್ಯ, ಒಬ್ಬೊಬ್ಬರಿಗೆ ಒಂಬತ್ತು. ತಾನು ಮೇಪಲ್ ಐದು, ಫಿಲ್‌ಹಾರ್ಮೋನಿಕ್ ಎರಡು, ಬ್ರಿಟಾನಿಯಾ ಎರಡು ಇಟ್ಟುಕೊಂಡ. ತಂಗಿಗೆ ಕ್ರುಗರ್‌ರಾಂಡ್ ಐದು ಮತ್ತು ಡಬ್ಬಿಯ ನಾಲ್ಕು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಅಣ್ಣನಿಗೆ ಮೋಸದ ಯೋಚನೆ ಇರಲಿಲ್ಲ. ನಿಜ ಹೇಳಬೇಕಂದರೆ, ತಂಗಿಗೇ ಜಾಸ್ತಿ ಕೊಟ್ಟೆ ಅಂತ ಅವನು ಸಮಾಧಾನದಿಂದ ಇದ್ದ. ಆನ್‌ಲೈನಿನಲ್ಲಿ ಅಂಥದೇ ಪ್ರೂಫ್ ಸೆಟ್‌ಗೆ ಯಾರೋ ಹಾಕಿದ್ದ ಬೆಲೆ ನೋಡಿದ್ದ. ಅದು ಚಿನ್ನದ ಬೆಲೆಯ ಎರಡು ಪಟ್ಟಿಗೂ ಹೆಚ್ಚಿತ್ತು. ಉಳಿದವನ್ನು ಮುಖಬೆಲೆ ನೋಡಿ ಅಳೆದಿದ್ದ. ಫಿಲ್‌ಹಾರ್ಮೋನಿಕ್ ಮೇಲೆ 2000 ಶಿಲ್ಲಿಂಗ್, ಬ್ರಿಟಾನಿಯಾ ಮೇಲೆ 100 ಪೌಂಡ್, ಮೇಪಲ್ ಮೇಲೆ 50 ಡಾಲರ್. ಕ್ರುಗರ್‌ರಾಂಡ್ ಮೇಲೆ ಯಾವ ಬೆಲೆಯೂ ಇಲ್ಲ. ಅದು ನಾಣ್ಯವೇ ಅಲ್ಲ, ಏನೋ ಪದಕ ಇರಬೇಕು ಅಂದುಕೊಂಡ.

ತಂಗಿಗೆ ಬೇರೆಯೇ ಅನ್ನಿಸಿತು. ಕ್ರುಗರ್‌ರಾಂಡ್ ಕೆಂಪಗಿದೆ. ಮೇಪಲ್ ಪಕ್ಕ ಇಟ್ಟರೆ ತಾಮ್ರದ ಛಾಯೆ ಎದ್ದು ಕಾಣುತ್ತದೆ. "ಅಣ್ಣಾ, ಅಪರಂಜಿ ಎಲ್ಲ ನೀನು ಇಟ್ಕೊಂಡು ಬೆರಕೆ ನನಗೆ ಕೊಟ್ಟೆ" ಅಂದಳು. ಅವನಿಗೆ ಸಿಟ್ಟು ಬಂತು. ಮೂರು ವಾರ ಇಬ್ಬರ ನಡುವೆ ಮಾತಿಲ್ಲ.

ನಾಣ್ಯದ ಹುಚ್ಚಿನಿಂದ ಅವರ ತಂದೆಗೂ ನನಗೂ ಹಳೆಯ ಪರಿಚಯ. ತಂಗಿ ಫೋನ್ ಮಾಡಿದಾಗ ನಾನು ಕೇಳಿಕೊಂಡದ್ದು ಎರಡೇ. ನಾಣ್ಯಗಳನ್ನು ಯಾರೂ ಮುಟ್ಟಬೇಡಿ. ನಾನು ಬರುವಾಗ ಇಬ್ಬರೂ ಇರಿ, 18 ನಾಣ್ಯವೂ ಒಂದೇ ಮೇಜಿನ ಮೇಲಿರಲಿ.

ಮುಖಬೆಲೆಯ ಗೊಂದಲ

ಮೊದಲು ಅಣ್ಣನ ಅಳತೆಗೋಲಿನಿಂದಲೇ ಶುರು ಮಾಡಿದೆವು. ಡಬ್ಬಿಯ ಸೆಟ್ ತೋರಿಸಿ ಕೇಳಿದೆ: ಒಂದು ಔನ್ಸಿನ ಈಗಲ್ ಮೇಲೆ ಎಷ್ಟಿದೆ? 50 ಡಾಲರ್. ಕಾಲು ಔನ್ಸಿನ ಮೇಲೆ? 10 ಡಾಲರ್. ನಾಲ್ಕು ಕಾಲು ಸೇರಿದರೆ ಒಂದು ಔನ್ಸ್, ಆದರೆ ಮುಖಬೆಲೆ ಸೇರಿಸಿದರೆ 40 ಮಾತ್ರ. ಉಳಿದ 10 ಡಾಲರ್ ಎಲ್ಲಿ ಹೋಯಿತು?

ಅವನು ಸ್ವಲ್ಪ ಹೊತ್ತು ಸುಮ್ಮನೆ ನಾಣ್ಯ ನೋಡುತ್ತಾ ಕೂತ. ಆಮೇಲೆ, "ಹಾಗಾದರೆ ಈ ಅಂಕಿಗೂ ಚಿನ್ನಕ್ಕೂ ಸಂಬಂಧ ಇಲ್ಲ" ಅಂದ. ಅಷ್ಟೇ ವಿಷಯ. ಈ ನಾಣ್ಯಗಳು ಆಯಾ ದೇಶದಲ್ಲಿ ಕಾನೂನಿನ ಪ್ರಕಾರ ಹಣವೇ. ಅದಕ್ಕಾಗಿ ಒಂದು ಅಂಕಿ ಒತ್ತಿರುತ್ತಾರೆ. ಒಳಗಿನ ಚಿನ್ನ ಅದಕ್ಕಿಂತ ಎಷ್ಟೋ ಪಟ್ಟು ಬೆಲೆ ಬಾಳುತ್ತದೆ. ದಕ್ಷಿಣ ಆಫ್ರಿಕಾ ಆ ಅಂಕಿಯನ್ನೇ ಬಿಟ್ಟುಬಿಟ್ಟಿತು. ಕ್ರುಗರ್‌ರಾಂಡ್ ಕೂಡ ಅಲ್ಲಿ ಕಾನೂನುಬದ್ಧ ಹಣ, ಅದರ ಬೆಲೆ ಚಿನ್ನದ ಜೊತೆ ಏರಿಳಿಯುತ್ತದೆ. ಅದರ ಮೇಲೆ ಜಿಂಕೆಯ ಚಿತ್ರದ ಪಕ್ಕ '1 ಔನ್ಸ್ ಫೈನ್ ಗೋಲ್ಡ್', ಅಂದರೆ ಒಂದು ಔನ್ಸ್ ಶುದ್ಧ ಚಿನ್ನ, ಅಂತ ಬರೆದಿದೆ. ಓದಬೇಕಾದ ಸಾಲು ಅದು. ಇಬ್ಬರೂ ಅದನ್ನು ನೋಡಿದ್ದರು, ಆದರೆ ಅದೇ ಮುಖ್ಯ ಅಂತ ಗೊತ್ತಿರಲಿಲ್ಲ.

ತಕ್ಕಡಿ ಹೇಳಿದ್ದು

0.01 ಗ್ರಾಂ ವರೆಗೆ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದೆ. ತಂಗಿಯ ಕೈಗೇ ಕೊಟ್ಟೆ. ಅನುಮಾನ ಇದ್ದವರೇ ತೂಗಲಿ ಅಂತ. ಹತ್ತಿಯ ಕೈಗವಸು, ಕೆಳಗೆ ಮೆತ್ತನೆ ಬಟ್ಟೆ, ಅಂಚು ಮಾತ್ರ ಹಿಡಿಯಬೇಕು.

ಮೇಪಲ್ ಲೀಫ್: 31.11. ಕ್ರುಗರ್‌ರಾಂಡ್: 33.93.

"ಇದೇ ಜಾಸ್ತಿ ತೂಗ್ತಿದೆಯಲ್ಲ!" ಅಂದಳು ತಂಗಿ. ಈ ಪ್ರಕರಣದ ಮೊದಲ ತಿರುವು ಇದೇ ಅಂತ ನನಗನ್ನಿಸುತ್ತದೆ. ಕ್ರುಗರ್‌ರಾಂಡ್ 22 ಕ್ಯಾರೆಟ್ ಹೌದು. ಆದರೆ ಒಂದು ಔನ್ಸಿನಲ್ಲಿ ತಾಮ್ರ ಬೆರೆಸಿದ್ದಲ್ಲ. ಒಂದು ಔನ್ಸ್ ಶುದ್ಧ ಚಿನ್ನ ಪೂರ್ತಿ ಇಟ್ಟು, ಅದರ ಜೊತೆಗೆ ಹೆಚ್ಚುವರಿಯಾಗಿ ತಾಮ್ರ ಸೇರಿಸಿದ್ದು. ಶುದ್ಧ ಚಿನ್ನ ತುಂಬ ಮೆತ್ತಗೆ. ತಾಮ್ರ ಸೇರಿದರೆ ಗಟ್ಟಿಯಾಗುತ್ತದೆ, ಗೀರು ಕಡಿಮೆ ಬೀಳುತ್ತದೆ. ಈಗಲ್ ಕೂಡ 22 ಕ್ಯಾರೆಟ್ಟೇ, ಅದರಲ್ಲಿ ಸ್ವಲ್ಪ ಬೆಳ್ಳಿಯೂ ಇರುವುದರಿಂದ ಅಷ್ಟು ಕೆಂಪು ಕಾಣುವುದಿಲ್ಲ. ಚಿನ್ನ ಎರಡರಲ್ಲೂ ಒಂದೇ, 31.1 ಗ್ರಾಂ. ಬೆರಕೆ ಅಂತ ಬೇಸರ ಮಾಡಿಕೊಂಡಿದ್ದ ತಂಗಿಯ ಮುಖ ಸಡಿಲವಾಯಿತು.

ಬ್ರಿಟಾನಿಯಾ ತೂಗುವಾಗ ಮತ್ತೆ ಗಾಬರಿ. ಒಂದು 34.05, ಇನ್ನೊಂದು 31.10. ಒಂದೇ ಹೆಸರು, ಒಂದೇ ದೇಶ, ಮೂರು ಗ್ರಾಂ ವ್ಯತ್ಯಾಸ. ಹಗುರದ್ದು ನಕಲಿ ಅಂತ ಅಣ್ಣ ಪಕ್ಕಕ್ಕೆ ಇಟ್ಟೇಬಿಟ್ಟ. ಇಸವಿ ನೋಡು ಅಂದೆ. ಭಾರದ್ದು 1988ರದು, ಹಗುರದ್ದು 2014ರದು. ಬ್ರಿಟಾನಿಯಾ 2012ರ ವರೆಗೆ 22 ಕ್ಯಾರೆಟ್ ಇತ್ತು, 2013ರಿಂದ ಸಾವಿರಕ್ಕೆ 999.9 ಭಾಗ ಶುದ್ಧ ಚಿನ್ನಕ್ಕೆ ಬದಲಾಯಿತು. ಮೇಪಲ್‌ನಲ್ಲೂ ಇಂಥದೊಂದು ಇದೆ: 1981ರದರ ಮೇಲೆ 999 ಅಂತಿತ್ತು, ಉಳಿದ ನಾಲ್ಕರ ಮೇಲೆ 9999, ಅಂದರೆ ಸಾವಿರಕ್ಕೆ 999.9. ಕೆನಡಾ 1982ರಲ್ಲಿ ಶುದ್ಧತೆ ಏರಿಸಿತು. ಇಂಥ ವಿಷಯ ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಅಸಲಿ ನಾಣ್ಯವನ್ನೇ ನಕಲಿ ಅಂತ ಕಡಿಮೆ ಬೆಲೆಗೆ ಕೊಟ್ಟಿರಬಹುದು ಅಂತ ನೆನೆದರೆ ಬೇಜಾರಾಗುತ್ತದೆ.

ಒಂದು ಮೇಪಲ್ ಮೇಲೆ ಚಿಕ್ಕ ಕೆಂಪು ಚುಕ್ಕೆ ಇತ್ತು. ಶುದ್ಧ ಚಿನ್ನದ ನಾಣ್ಯಗಳಲ್ಲಿ ಇದು ಆಗಾಗ ಕಾಣುತ್ತದೆ, ಚಿನ್ನದ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಮುಟ್ಟದೆ ಹಾಗೇ ಬಿಟ್ಟೆವು.

ಈಗ ಲೆಕ್ಕ ಹಾಕಿದೆವು. ಅಣ್ಣನ ಒಂಬತ್ತರಲ್ಲಿ ಒಂಬತ್ತು ಔನ್ಸ್ ಚಿನ್ನ, ಸುಮಾರು 280 ಗ್ರಾಂ. ತಂಗಿಯ ಒಂಬತ್ತರಲ್ಲಿ ಕ್ರುಗರ್‌ರಾಂಡಿನ ಐದು, ಸೆಟ್ಟಿನ 1.85, ಒಟ್ಟು 6.85 ಔನ್ಸ್, ಅಂದರೆ 213 ಗ್ರಾಂ. ಎಣಿಕೆಯಲ್ಲಿ ಸಮ ಇದ್ದದ್ದು ಚಿನ್ನದಲ್ಲಿ 67 ಗ್ರಾಂ ಏರುಪೇರು. ಅಣ್ಣ ತಾನೇ ಆ ಅಂಕಿ ಬರೆದು, ತಾನೇ ಎರಡು ಸಲ ಗೆರೆ ಎಳೆದ. "ನಾನು ಅವಳಿಗೇ ಜಾಸ್ತಿ ಕೊಟ್ಟೆ ಅಂತ ಮೂರು ವಾರ ಸಿಟ್ಟು ಮಾಡ್ಕೊಂಡಿದ್ದೆ" ಅಂದ. ತಂಗಿ ಏನೂ ಹೇಳಲಿಲ್ಲ, ಎದ್ದು ಹೋಗಿ ಅವನಿಗೆ ನೀರು ತಂದುಕೊಟ್ಟಳು.

ಐದನೆಯ ಕ್ರುಗರ್‌ರಾಂಡ್

ತೂಗುವಾಗ ನಾಲ್ಕು ಕ್ರುಗರ್‌ರಾಂಡ್ ಒಂದೇ ರೀತಿ ಬಂದಿದ್ದವು. ಐದನೆಯದು 33.4. ಅರ್ಧ ಗ್ರಾಂ ಕಡಿಮೆ. ಬಳಸಿ ಸವೆದರೆ ಇಷ್ಟು ಕಡಿಮೆಯಾಗಬಹುದಾ ಅಂತ ಅಣ್ಣ ಕೇಳಿದ. ಅದರ ಚಿತ್ರ ಸವೆದಿರಲಿಲ್ಲ, ಅಂಚು ಚೂಪಾಗಿತ್ತು. ಐದನ್ನೂ ಒಂದರ ಪಕ್ಕ ಒಂದು ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದೆವು. ಅದೊಂದು ಮಾತ್ರ ಉಳಿದವಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ. ದಪ್ಪ ಅಳೆಯುವ ಕ್ಯಾಲಿಪರ್ ಇಟ್ಟರೆ ಉಳಿದವು 2.8 ಮಿಲಿಮೀಟರ್ ಆಸುಪಾಸು, ಇದು 3.2.

ಒಂದು ವಿಷಯ ಇಲ್ಲಿ ನೆನಪಿಡಬೇಕು. ಚಿನ್ನದಷ್ಟು ಭಾರದ ಅಗ್ಗದ ಲೋಹ ಬಹಳ ಕಡಿಮೆ. ಅಗ್ಗದ್ದನ್ನು ಹಾಕಿ ತೂಕ ಸರಿ ಮಾಡಲು ಹೋದರೆ ಗಾತ್ರ ಹಿಗ್ಗುತ್ತದೆ. ಗಾತ್ರ ಸರಿ ಮಾಡಿದರೆ ತೂಕ ಇಳಿಯುತ್ತದೆ. ಟಂಗ್‌ಸ್ಟನ್ ಒಂದೇ ಅಪಾಯಕಾರಿ, ಅದರ ಸಾಂದ್ರತೆ ಶುದ್ಧ ಚಿನ್ನಕ್ಕೆ ತೀರಾ ಹತ್ತಿರ. ಹಾಗಾಗಿ ತೂಕ, ಅಗಲ, ದಪ್ಪ ಮೂರನ್ನೂ ಒಟ್ಟಿಗೆ ನೋಡಬೇಕು. ಆಯಸ್ಕಾಂತ ಹಿಡಿದು ಅಂಟಲಿಲ್ಲ, ಹಾಗಾಗಿ ಅಸಲಿ ಅನ್ನುವುದು ಸಾಲದು. ಟಂಗ್‌ಸ್ಟನ್ನೂ ಅಂಟುವುದಿಲ್ಲ, ಸೀಸವೂ ಅಂಟುವುದಿಲ್ಲ.

ನೀರಿನ ಪರೀಕ್ಷೆ ಮಾಡಿದೆವು. ಇದು ನನಗೆ ತುಂಬ ಇಷ್ಟ. ಖರ್ಚಿಲ್ಲ, ನಾಣ್ಯಕ್ಕೆ ಗಾಯವೂ ಇಲ್ಲ. ತಕ್ಕಡಿಯ ಮೇಲೆ ಅರ್ಧ ಲೋಟ ನೀರು ಇಟ್ಟು ಅಂಕಿಯನ್ನು ಸೊನ್ನೆ ಮಾಡಬೇಕು. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರಿನೊಳಗೆ ಇಳಿಬಿಡಬೇಕು. ತಳ ಮುಟ್ಟಬಾರದು, ಬದಿಗೂ ತಾಗಬಾರದು, ಮೈಗೆ ಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ.

ತಂಗಿ ಉಸಿರು ಬಿಗಿಹಿಡಿದು ದಾರ ಹಿಡಿದಿದ್ದಳು. ಮೊದಲ ನಾಣ್ಯಕ್ಕೆ 1.94 ಬಂತು. 33.93 ಭಾಗಿಸು 1.94, ಸುಮಾರು 17.5. ಕ್ರುಗರ್‌ರಾಂಡಿಗೆ ಇರಬೇಕಾದದ್ದು ಅದೇ. ಎರಡನೆಯದು, ಮೂರನೆಯದು, ನಾಲ್ಕನೆಯದು ಸರಿ. ಐದನೆಯದಕ್ಕೆ 2.20. ಲೆಕ್ಕ ಹಾಕಿದರೆ 15.2. ಯಾರೂ ಮಾತಾಡಲಿಲ್ಲ. ಅವಳು ಮತ್ತೆ ಎತ್ತಿ, ಒರೆಸಿ ಒಣಗಿಸಿ, ಇನ್ನೊಮ್ಮೆ ಇಳಿಬಿಟ್ಟಳು. ಮತ್ತೆ 2.20.

ಅಣ್ಣ ನೋಟ್‌ಬುಕ್ ತೆರೆದ. ನಾಲ್ಕು ಕ್ರುಗರ್‌ರಾಂಡಿನ ಎದುರು ಅಂಗಡಿಯ ಹೆಸರು, ಅವತ್ತಿನ ದರಕ್ಕಿಂತ ಸ್ವಲ್ಪ ಹೆಚ್ಚು ಬೆಲೆ. ಐದನೆಯದರ ಎದುರು ಹೀಗಿತ್ತು: "ಪರಿಚಯದವರ ಕಡೆಯವರು. ಚಿನ್ನದ ದರಕ್ಕಿಂತ ಕಡಿಮೆಗೆ ಸಿಕ್ಕಿತು."

ಅಷ್ಟು ಎಚ್ಚರದ ಮನುಷ್ಯ ಒಂದೇ ಒಂದು ಸಲ ಸಲುಗೆಗೆ ಬಗ್ಗಿದ್ದರು. ಕೈಯಲ್ಲಿರುವ ಚಿನ್ನವನ್ನು ದರಕ್ಕಿಂತ ತೀರಾ ಕಡಿಮೆಗೆ ಅಪರಿಚಿತರಿಗೆ ಕೊಡುವ ಅಗತ್ಯ ಯಾರಿಗೂ ಇಲ್ಲ, ಯಾವ ಚಿನ್ನದಂಗಡಿಗೆ ಹೋದರೂ ದರದ ಹತ್ತಿರದ ದುಡ್ಡು ಸಿಗುತ್ತದೆ.

ಅಣ್ಣ ಒಪ್ಪಲು ಸಿದ್ಧ ಇರಲಿಲ್ಲ. ಮಾರನೇ ದಿನ ಅದನ್ನು ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಇರುವ ಕಡೆ ಒಯ್ದ. ಯಂತ್ರ 22 ಕ್ಯಾರೆಟ್ ಅಂತ ತೋರಿಸಿತು. ಖುಷಿಯಿಂದ ನನಗೆ ಫೋನ್ ಮಾಡಿದ. ಆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ, ಮೇಲಿನ ಲೇಪ ದಪ್ಪ ಇದ್ದರೆ ಅದಕ್ಕೆ ಒಳಗಿನದು ಕಾಣುವುದಿಲ್ಲ ಅಂತ ಹೇಳಬೇಕಾಯಿತು. ಕೊನೆಗೆ ಇಬ್ಬರೂ ಒಪ್ಪಿ ಲೋಹ ಪರೀಕ್ಷಿಸುವವರ ಹತ್ತಿರ ಅದರ ಅಂಚಿನಲ್ಲಿ ಒಂದು ಆಳವಾದ ಗೀಟು ಹಾಕಿಸಿದರು. ಹಳದಿ ಪದರದ ಕೆಳಗೆ ಬೂದು ಬಣ್ಣದ ಲೋಹ.

ಇಲ್ಲಿ ಇವರು ತೆಗೆದುಕೊಂಡ ತೀರ್ಮಾನ ನನಗೆ ಬಹಳ ಹಿಡಿಸಿತು. ಹಂಚಿಕೆಯ ಪ್ರಕಾರ ಆ ನಾಣ್ಯ ತಂಗಿಯ ಪಾಲಿನದು. ನಿನ್ನ ಪಾಲಿಗೆ ಬಂದದ್ದು, ನಿನ್ನ ನಷ್ಟ ಅಂತ ಅಣ್ಣ ಹೇಳಬಹುದಿತ್ತು. ಅವನು ಹೇಳಿದ್ದು, "ಮೋಸ ಹೋದದ್ದು ಅಪ್ಪ. ನಷ್ಟ ಇಬ್ಬರದ್ದು." ಹಳೆಯ ಹಂಚಿಕೆಯನ್ನು ಅಲ್ಲಿಗೇ ರದ್ದು ಮಾಡಿದರು.

ಒರೆಸಿದ ಪ್ರೂಫ್

ಉಳಿದದ್ದು ಮಖಮಲ್ ಡಬ್ಬಿ. ಪ್ರೂಫ್ ಅಂದರೆ ಸಂಗ್ರಹಕಾರರಿಗಾಗಿಯೇ ಮಾಡಿದ ನಾಣ್ಯ. ಹೊಳಪು ಕೊಟ್ಟ ಅಚ್ಚು, ಹೊಳಪು ಕೊಟ್ಟ ಬಿಲ್ಲೆ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಹಿನ್ನೆಲೆ ಕನ್ನಡಿ, ಚಿತ್ರ ಮಂಜಿನ ಹಾಗೆ. ಸಾಮಾನ್ಯ ಈಗಲ್ ಅನ್ನು ಅಮೆರಿಕದ ಟಂಕಸಾಲೆ ಜನರಿಗೆ ನೇರ ಮಾರುವುದಿಲ್ಲ, ಆಯ್ದ ದೊಡ್ಡ ವ್ಯಾಪಾರಿಗಳ ಮೂಲಕ ಹೋಗುತ್ತದೆ. ಪ್ರೂಫ್ ಮಾತ್ರ ಸಂಗ್ರಹಕಾರರಿಗೆ ನೇರ. ಅದರ ಮೇಲೆ ಟಂಕಸಾಲೆಯ ಗುರುತಿನ ಅಕ್ಷರ ಇರುತ್ತದೆ, ಇವರ ಸೆಟ್ಟಿನ ದೊಡ್ಡ ನಾಣ್ಯದಲ್ಲಿ ವೆಸ್ಟ್ ಪಾಯಿಂಟ್ ಟಂಕಸಾಲೆಯ ಡಬ್ಲ್ಯು ಇತ್ತು. ಇಸವಿ ಸಿಗುತ್ತಿಲ್ಲ ಅಂತ ಅಣ್ಣ ಹುಡುಕುತ್ತಿದ್ದ. 1986ರಿಂದ 1991ರ ವರೆಗೆ ಈಗಲ್ ಮೇಲೆ ಇಸವಿಯನ್ನು ರೋಮನ್ ಅಂಕಿಯಲ್ಲಿ ಬರೆಯುತ್ತಿದ್ದರು.

ನಾನು ದೀಪವನ್ನು ಓರೆಯಾಗಿ ಹಿಡಿದು ಒಂದು ಔನ್ಸಿನ ನಾಣ್ಯ ತಿರುಗಿಸಿದೆ. ಕನ್ನಡಿಯಂಥ ಜಾಗದಲ್ಲಿ ಕೂದಲಿನಷ್ಟು ಸಣ್ಣ ಗೀರುಗಳು, ಎಲ್ಲವೂ ಒಂದೇ ದಿಕ್ಕಿನಲ್ಲಿ. ಇದನ್ನು ಯಾರಾದರೂ ಒರೆಸಿದ್ರಾ ಅಂತ ಕೇಳಿದೆ.

ತಂಗಿ ಒರೆಸಿದ್ದಳು. ನನಗೆ ಫೋನ್ ಮಾಡುವುದಕ್ಕೂ ಮುಂಚೆ. ಒಳಗೆ ಮಬ್ಬು ಕವಿದಿತ್ತು, ಅಪ್ಪನ ನಾಣ್ಯ ಹೀಗೆ ಮಂಕಾಗಿ ಇರಬಾರದು ಅಂತ ನಾಣ್ಯದ ಪ್ಲಾಸ್ಟಿಕ್ ಕ್ಯಾಪ್ಸೂಲ್ ಬಿಚ್ಚಿ ಕನ್ನಡಕದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ್ದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ನನಗೂ ಏನು ಹೇಳಬೇಕು ತೋಚಲಿಲ್ಲ. ಆ ಮಬ್ಬನ್ನು ಉಜ್ಜದೆ, ಅಸಿಟೋನ್‌ನಲ್ಲಿ ಅದ್ದಿ ತೆಗೆಯುವ ದಾರಿ ಇದೆ, ಅದೂ ಬಲ್ಲವರ ಕೈಯಲ್ಲಿ. ಉಜ್ಜಿದ ಗೀರನ್ನು ತೆಗೆಯುವ ದಾರಿ ಇಲ್ಲ. ನಾಣ್ಯಗಳಿಗೆ 70ರ ವರೆಗೆ ದರ್ಜೆ ಕೊಡುವ ಪಿಸಿಜಿಎಸ್, ಎನ್‌ಜಿಸಿ ಥರದ ಸಂಸ್ಥೆಗಳು ಒರೆಸಿದ ನಾಣ್ಯಕ್ಕೆ ಮಾಮೂಲಿ ದರ್ಜೆಯನ್ನೇ ನಿರಾಕರಿಸಬಹುದು. ಚಿನ್ನ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಸಂಗ್ರಹದ ಬೆಲೆ ಹೋಗಿತ್ತು.

ಹಾಗಾದರೆ ಎಷ್ಟು ಹೋಯಿತು? ಅಣ್ಣ ಆನ್‌ಲೈನಿನಲ್ಲಿ ನೋಡಿದ ಬೆಲೆ ಹಿಡಿದು ದೊಡ್ಡ ನಷ್ಟ ಅಂದ. ಆದರೆ ಅದು ಯಾರೋ ಕೇಳುತ್ತಿದ್ದ ಬೆಲೆ. ಆ ಬೆಲೆಗೆ ಯಾರಾದರೂ ಕೊಂಡರಾ ಅನ್ನುವುದು ಬೇರೆ ಪ್ರಶ್ನೆ. ಅಲ್ಲದೆ ಆ ಜಾಹೀರಾತಿನಲ್ಲಿದ್ದದ್ದು ಪೂರ್ತಿ 70 ದರ್ಜೆ ಸಿಕ್ಕ ಸೆಟ್. ತಂದೆಯ ನೋಟ್‌ಬುಕ್ ಇಲ್ಲಿ ಮತ್ತೆ ಕೈಹಿಡಿಯಿತು. ಅವತ್ತಿನ ಚಿನ್ನವನ್ನು 100 ಅಂತ ಇಟ್ಟುಕೊಂಡರೆ ಮೇಪಲ್‌ಗೆ ಅವರು ಕೊಟ್ಟದ್ದು 105ರ ಒಳಗೆ, ಪ್ರೂಫ್ ಸೆಟ್‌ಗೆ ಸುಮಾರು 130. ಈ 30 ವಾಪಸ್ ಬರುತ್ತದಾ ಅಂತ ನೋಡಲು ಮೂವರು ವ್ಯಾಪಾರಿಗಳಿಗೆ ತೋರಿಸಿದೆವು. ಇಬ್ಬರು ಬರೀ ಚಿನ್ನದ ಬೆಲೆ ಅಂದರು. ಒಬ್ಬರು ಡಬ್ಬಿ, ಪ್ರಮಾಣಪತ್ರ ನೋಡಿ ಸ್ವಲ್ಪ ಮೇಲೆ ಕೊಡುತ್ತೇನೆ ಅಂದರು. ಒರೆಸದೆ ಇದ್ದಿದ್ದರೆ ಎಷ್ಟು ಅಂತ ಅವರನ್ನೇ ಕೇಳಿದೆ. ಸ್ವಲ್ಪ ಜಾಸ್ತಿ, ಆದರೆ ನೀವು ಅಂದುಕೊಂಡಷ್ಟಲ್ಲ ಅಂದರು. ಇಂಥ ಸೆಟ್ ಎಷ್ಟೋ ಜನ ಹುಷಾರಾಗಿ ಡಬ್ಬಿಯಲ್ಲೇ ಇಟ್ಟಿದ್ದಾರೆ. ಎಲ್ಲರೂ ಕಾಪಾಡಿದ ವಸ್ತು ಅಪರೂಪ ಆಗುವುದು ಕಷ್ಟ.

ಈ ಮಾತು ಕೇಳಿ ತಂಗಿಗೆ ಸ್ವಲ್ಪ ಉಸಿರು ಬಂತು.

ಹೊಸ ಹಂಚಿಕೆ

ಈಗ ಲೆಕ್ಕ ಸರಳವಾಗಿತ್ತು. ಅಸಲಿ ಒಂದು ಔನ್ಸಿನ ನಾಣ್ಯ 13, ಸೆಟ್ಟಿನಲ್ಲಿ 1.85. ಒಟ್ಟು 14.85 ಔನ್ಸ್, ಸುಮಾರು 462 ಗ್ರಾಂ. ಸೆಟ್ ಒಡೆಯಬಾರದು ಅಂತ ಇಬ್ಬರಿಗೂ ಇತ್ತು. ಹಾಗಾಗಿ ಒಂದು ರಾಶಿಯಲ್ಲಿ ಏಳು ನಾಣ್ಯ, ಇನ್ನೊಂದರಲ್ಲಿ ಆರು ನಾಣ್ಯ ಮತ್ತು ಸೆಟ್. ಎರಡನೇ ರಾಶಿ 0.85 ಔನ್ಸ್ ಹೆಚ್ಚು. ಅದನ್ನು ತೆಗೆದುಕೊಂಡವರು ಅರ್ಧದಷ್ಟು, ಅಂದರೆ 13.2 ಗ್ರಾಂ ಚಿನ್ನದ ದುಡ್ಡನ್ನು ಇನ್ನೊಬ್ಬರಿಗೆ ಕೊಡಬೇಕು.

ಯಾವ ನಾಣ್ಯ ಯಾವ ರಾಶಿಗೆ? ನಾನು ಹೇಳಿದ್ದು ಹಳೇ ಉಪಾಯ: ಒಬ್ಬರು ಪಾಲು ಮಾಡಲಿ, ಇನ್ನೊಬ್ಬರು ಆರಿಸಲಿ. ಅಣ್ಣ ಪಾಲು ಮಾಡಿದ. ಈ ಸಲ ಅವನು ಕ್ರುಗರ್‌ರಾಂಡನ್ನು ಎರಡೂ ಕಡೆ ಎರಡೆರಡು ಹಾಕಿದ. ತಂಗಿ ಸೆಟ್ ಇದ್ದ ರಾಶಿ ಆರಿಸಿದಳು. ಅಪ್ಪ ತಾವೇ ಆ ಡಬ್ಬಿ ತೆರೆದು ತೋರಿಸಿದ ದಿನ ಅವಳಿಗೆ ನೆನಪಿತ್ತು.

ಒಂದು ತೊಡಕು ಉಳಿದಿತ್ತು. 13.2 ಗ್ರಾಂಗೆ ಯಾವ ದರ? ಅಂಗಡಿಯಿಂದ ನಾವು ಕೊಳ್ಳುವ ದರ ಹಿಡಿದರೆ ತಂಗಿಗೆ ನಷ್ಟ. ಅಂಗಡಿ ವಾಪಸ್ ಕೊಳ್ಳುವ ದರ ಯಾವಾಗಲೂ ಅದಕ್ಕಿಂತ ಕೆಳಗಿರುತ್ತದೆ. ನಾಣ್ಯ ಕೊಂಡು ನಾಳೆಯೇ ಮಾರಿದರೆ ಕೈಬಿಡುವ ದುಡ್ಡು ಈ ಅಂತರ. ಇಬ್ಬರೂ ಚರ್ಚಿಸಿ, ಮೂವರು ವ್ಯಾಪಾರಿಗಳು ಅವತ್ತು ಹೇಳಿದ ವಾಪಸ್ ದರದಲ್ಲಿ ಹೆಚ್ಚಿನದನ್ನು ಹಿಡಿದರು. ತಂಗಿ ಹತ್ತಿರ ನಗದು ಇರಲಿಲ್ಲ. ಒಂದು ಕ್ರುಗರ್‌ರಾಂಡ್ ಮಾರಿದಳು. ಬೆಲೆ ಚಿನ್ನದ ದರಕ್ಕೆ ತೀರಾ ಹತ್ತಿರ ಬಂತು. ಮೂರು ವಾರದ ಹಿಂದೆ ಪದಕ ಅಂದುಕೊಂಡಿದ್ದ ನಾಣ್ಯವನ್ನು ವ್ಯಾಪಾರಿ ಒಮ್ಮೆ ತೂಗಿ, ಅಳೆದು, ಪ್ರಶ್ನೆಯನ್ನೇ ಕೇಳದೆ ತೆಗೆದುಕೊಂಡರು.

ಈ ಪ್ರಕರಣದಿಂದ ನಾನು ಹಿಡಿದಿಟ್ಟುಕೊಂಡದ್ದು

ತಂದೆ ಒಂದೇ ಪೆಟ್ಟಿಗೆಯಲ್ಲಿ ಎರಡು ಬಗೆಯ ವಸ್ತು ಇಟ್ಟಿದ್ದರು. ಹದಿಮೂರು ನಾಣ್ಯ ಉಳಿತಾಯ, ನಾಲ್ಕು ನಾಣ್ಯ ಪ್ರೀತಿ. ಉಳಿತಾಯದ ನಾಣ್ಯಕ್ಕೆ ಕೇಳಬೇಕಾದ ಪ್ರಶ್ನೆ ಮೂರು: ಒಳಗೆ ಎಷ್ಟು ಶುದ್ಧ ಚಿನ್ನ, ಚಿನ್ನದ ದರದ ಮೇಲೆ ಎಷ್ಟು ಕೊಡುತ್ತಿದ್ದೇನೆ, ಮಾರಿದರೆ ಎಷ್ಟು ಕೊಡುತ್ತಾರೆ. ಅಲ್ಲಿ ಗೀರು ಬಿದ್ದರೂ ದೊಡ್ಡ ವಿಷಯ ಅಲ್ಲ. ಸಂಗ್ರಹದ ನಾಣ್ಯಕ್ಕೆ ಈ ಪ್ರಶ್ನೆಗಳೇ ಬೇರೆ: ಎಷ್ಟು ಒತ್ತಿದ್ದಾರೆ, ಯಾವ ಸ್ಥಿತಿಯಲ್ಲಿದೆ, ಬೇಕು ಅನ್ನುವವರು ಎಷ್ಟು ಜನ. ಮನೆಯವರಿಗೆ ಯಾವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ಉಳಿತಾಯದ್ದನ್ನು ಜೋಪಾನ ಮಾಡಿ ಸಂಗ್ರಹದ್ದನ್ನು ಒರೆಸುತ್ತಾರೆ. ಇಲ್ಲಿ ಆದದ್ದು ಅದೇ.

ನೋಟ್‌ಬುಕ್ ಇಲ್ಲದಿದ್ದರೆ ಈ ಜಗಳ ಬಗೆಹರಿಯುತ್ತಿತ್ತಾ ಅಂತ ನನಗೆ ಅನುಮಾನ ಇದೆ. ಯಾರಿಂದ, ಎಷ್ಟಕ್ಕೆ ಕೊಂಡದ್ದು ಅನ್ನುವ ಒಂದು ಸಾಲು ಎಷ್ಟು ಕೆಲಸ ಮಾಡಿತು ನೋಡಿ. ತೆರಿಗೆಯ ವಿಷಯಕ್ಕೂ ಆ ಸಾಲು ಬೇಕಾಗುತ್ತದೆ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ತನ್ನದೇ ಬ್ರಿಟಾನಿಯಾ ಮಾರಿದರೆ ಬರುವ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ, ಕ್ರುಗರ್‌ರಾಂಡಿಗೆ ಆ ವಿನಾಯಿತಿ ಇಲ್ಲ. ಮಾರುವ ಮುಂಚೆ ತಾವಿರುವ ಕಡೆಯ ನಿಯಮ ಕೇಳಿಕೊಳ್ಳಲೇಬೇಕು.

ಅಣ್ಣ ಈಗ ಆ ನೋಟ್‌ಬುಕ್ ಮುಂದುವರಿಸುತ್ತಿದ್ದಾನೆ. ಹೊಸದಾಗಿ ಮೂರು ಕಾಲಂ ಎಳೆದಿದ್ದಾನೆ: ತೂಕ, ದಪ್ಪ, ನೀರಿನ ಅಂಕಿ. ನಾಲ್ಕನೆಯದರಲ್ಲಿ ಪ್ರತಿ ನಾಣ್ಯದ ಎದುರು 'ಮಾರಬಹುದು' ಅಥವಾ 'ಇಡಬೇಕು' ಅಂತ ಬರೆಯುತ್ತಾನೆ.

ನಕಲಿಯನ್ನು ಏನು ಮಾಡುವುದು ಅಂತ ಕೊನೆಗೆ ಕೇಳಿದರು. ಅದನ್ನು ಯಾರಿಗೂ ಮಾರುವ ಹಾಗಿಲ್ಲ. ಬಿಸಾಡಲು ತಂಗಿಗೆ ಮನಸ್ಸಿಲ್ಲ. ಅಪ್ಪ ಅಸಲಿ ಅಂತ ನಂಬಿ ಅಷ್ಟು ವರ್ಷ ಕಾಪಾಡಿದ್ದು. ಒಂದು ಕಾಗದದ ಕವರ್‌ನಲ್ಲಿ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಳು: "ನಕಲಿ. 33.4 ಗ್ರಾಂ. ದಪ್ಪ 3.2. ನೀರಲ್ಲಿ 2.20." ಅದು ಈಗ ಪೆಟ್ಟಿಗೆಯ ತಳದಲ್ಲಿದೆ. ಅವಳ ಮಗ ಮೊನ್ನೆ ಅದನ್ನೂ ಒಂದು ಅಸಲಿಯನ್ನೂ ಎರಡು ಕೈಯಲ್ಲಿ ಹಿಡಿದು, ಯಾವುದು ದಪ್ಪ ಅಂತ ಕಣ್ಣು ಮುಚ್ಚಿ ಹೇಳಿದನಂತೆ.